ಕ್ಯಾಸೆಟ್ಟಿನಲ್ಲಿ ಸಿಕ್ಕಿಬಿದ್ದ ಏಳು ಕುರ್ಚಿಗಳು

ಇವತ್ತು ಬೆಳಗ್ಗೆ ದೋಸೆಗೆ ರುಬ್ಬಿದೆ (ಕೊಚ್ಚಿಯ ಸೆಕೆಗೆ ಸಂಜೆಗೇ ಹುದುಗುತ್ತದೆ). ರವೆಗೆ ಹುಳ ಬಿದ್ದಿತ್ತು, ಜರಡಿ ಹಿಡಿದೆ. ಮೀನಿನವನಿಗೆ ಬೇಡ ಎಂದೆ. ಆರು ವರ್ಷದಿಂದ ದಿನಾ ಬೇಡ ಅನ್ನುತ್ತಿದ್ದೇನೆ, ಅವನೂ ದಿನಾ ಗೇಟಿನ ಹತ್ತಿರ ನಿಂತು ಕೂಗುತ್ತಾನೆ. ಇವರ ಎರಡು ಷರಟಿಗೆ ಗುಂಡಿ ಹಾಕಿದೆ. ಕೊನೆಗೆ ಹತ್ತಿಗೆ ಸ್ಪಿರಿಟ್ ಅದ್ದಿ ಟೇಪ್‌ರೆಕಾರ್ಡರಿನ ಹೆಡ್ ಒರೆಸಿದೆ.

ಕೊನೆಯ ಕೆಲಸ ನನ್ನದಲ್ಲ, ಮಗಳು ಶಾಲಿನಿಯದು. ಆದರೆ ಇವತ್ತು ನಾನೇ ಮಾಡಿದೆ. ಯಾಕೆ ಅಂತೀರಾ? ನಾಲ್ಕು ತಿಂಗಳ ಹಿಂದೆ ನಾನು ಮಾಡಿದ ಒಂದು ತಪ್ಪನ್ನು ಇವತ್ತು ಸ್ಪಷ್ಟವಾಗಿ ಕೇಳಿಸಿಕೊಳ್ಳಬೇಕಿತ್ತು.

ಆಗ ಶಾಲಿನಿಯ ಕಾಲೇಜಿಗೆ ಬೊಂಬಾಯಿಯಿಂದ ಒಂದು ಜಾಝ್ ತಂಡ ಬಂದಿತ್ತು. ನಾಲ್ಕೇ ಜನ. ಒಬ್ಬರು ಸ್ಯಾಕ್ಸೊಫೋನ್, ಒಬ್ಬರು ಪಿಯಾನೊ, ಒಬ್ಬರು ಆಳೆತ್ತರದ ಪಿಟೀಲಿನಂಥ ಬಾಸ್, ಇನ್ನೊಬ್ಬರು ಡ್ರಮ್ಸ್. ಕಾಲೇಜಿಂದ ಕಾಲೇಜಿಗೆ ಊರೂರು ಸುತ್ತಿ ನುಡಿಸುವುದು, ಚೆನ್ನಾಗಿ ಬಂದದ್ದನ್ನು ಆರಿಸಿ ಕ್ಯಾಸೆಟ್ ಮಾಡುವುದು, ಇದು ಅವರ ಯೋಜನೆ. ಶಾಲಿನಿ ವಾಲಂಟಿಯರ್. ಎದೆಯ ಮೇಲೆ ಬ್ಯಾಡ್ಜು, ನಡಿಗೆಯಲ್ಲಿ ಅವಸರ. "ಅಮ್ಮ, ಪ್ಲೀಸ್, ಲೈವ್ ರೆಕಾರ್ಡಿಂಗ್ ಇದೆ, ಯಾರೂ ಮಾತಾಡಬೇಡಿ" ಎಂದು ಮನೆಯಲ್ಲೇ ಹೇಳಿದ್ದಳು. ರೆಕಾರ್ಡಿಂಗ್ ಎಂದರೆ ಸ್ಟೇಜಿನ ಮೇಲಿನದು ಎಂದುಕೊಂಡೆ. ಕೇಳುವವರದ್ದನ್ನೂ ಯಾರಾದರೂ ರೆಕಾರ್ಡ್ ಮಾಡುತ್ತಾರೆಯೇ?

ನಾವು ಹೋದದ್ದು ಏಳು ಜನ. ನಾವಿಬ್ಬರು, ಜೊತೆಗೆ ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ ಇವರ ಆಫೀಸಿನಲ್ಲೇ ಇರುವ ಎರಡು ಕನ್ನಡ ಸಂಸಾರ. ಎಲ್ಲರೂ ಮೈಸೂರು ಕಡೆಯವರು. ಸಂಗೀತ ಅಂದರೆ ಸಭಾ, ಸಭಾ ಅಂದರೆ ಕ್ಯಾಂಟೀನು.

ಮೊದಲೆರಡು ನುಡಿಸಿದರು. ನನಗೆ ರಾಗ ಹಿಡಿಯಲಾಗಲಿಲ್ಲ, ಆದರೆ ಕುತೂಹಲ ಹಿಡಿಯಿತು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಅಣಕಿಸುತ್ತಾರೆ, ಮೂರನೆಯವರು ನಗುತ್ತಾರೆ. ಇವರು ತೊಡೆಯ ಮೇಲೆ ತಾಳ ಹಾಕಲು ನೋಡಿ, ಎರಡು ಸಲ ತಪ್ಪಿ, ಕೈಕಟ್ಟಿ ಕುಳಿತರು.

ಮೂರನೆಯದರ ನಡುವೆ ಸ್ಯಾಕ್ಸೊಫೋನಿನವರು ವಾದ್ಯ ಕೆಳಗಿಟ್ಟು ನೀರು ಕುಡಿದರು. ಪಿಯಾನೊ ನಿಂತಿತು. ಬಾಸ್ ನಿಂತಿತು. ಡ್ರಮ್ಸ್ ಒಂದೇ ಉಳಿಯಿತು.

ಇದು ನಮಗೆ ಗೊತ್ತಿಲ್ಲದ್ದೇ? ಗಾಯಕರು ಫ್ಲಾಸ್ಕಿನ ಮುಚ್ಚಳ ತಿರುಗಿಸಿದರು, ಮೃದಂಗದವರು ಮೈ ನೆಟ್ಟಗೆ ಮಾಡಿದರು ಎಂದರೆ ಅವರೊಬ್ಬರೇ ಬಾರಿಸುವ ತನಿ ಆವರ್ತನ ಶುರು. ತನಿ ಶುರುವಾದರೆ ಅರ್ಧ ಸಭೆ ಕಾಫಿಗೆ ಏಳುತ್ತದೆ. (ತಪ್ಪು, ದೊಡ್ಡ ತಪ್ಪು. ಪಾಪ, ಬಾರಿಸುವವರು ನಮ್ಮ ಬೆನ್ನು ನೋಡಿಕೊಂಡೇ ವಿದ್ವಾಂಸರಾದದ್ದು. ಆದರೆ ಅಪ್ಪನ ಕೈ ಹಿಡಿದು ಕಲಿತದ್ದು, ಕಾಲು ತಾನಾಗಿ ಏಳುತ್ತದೆ.)

ನಾನು ಎದ್ದೆ. ಇವರ ಕಡೆ ತಿರುಗಿ, ಎಲ್ಲರಿಗೂ ಕೇಳಿಸಲಿ ಎಂದು, "ಬನ್ನಿ ಬನ್ನಿ!" ಎಂದೆ. ಏಳು ಕಬ್ಬಿಣದ ಮಡಚು ಕುರ್ಚಿಗಳು ಸಿಮೆಂಟ್ ನೆಲದ ಮೇಲೆ ಒಂದಾದ ಮೇಲೊಂದು ಕಿರ್ರೆಂದವು. ನನ್ನ ತಲೆಯ ಮೇಲೇ ಒಂದು ಮೈಕು ತೂಗುತ್ತಿತ್ತು. ಅದು ಚಪ್ಪಾಳೆ ಹಿಡಿಯಲು ಕಟ್ಟಿದ್ದಂತೆ.

ಕ್ಯಾಂಟೀನಿನಲ್ಲಿ ಕಾಫಿ ಇರಲಿಲ್ಲ. ಚಾಯ ಕುಡಿದು, ಪಳಂಪೊರಿ (ಬಾಳೆಹಣ್ಣಿನ ಬಜ್ಜಿ) ತಿಂದು, ಬಾಯಿ ಒರೆಸಿಕೊಂಡು ವಾಪಸ್ ಬಂದಾಗ ಹಾಲ್ ತುಂಬ ಚಪ್ಪಾಳೆ. ನಾವೂ ಧಾರಾಳವಾಗಿ ತಟ್ಟಿದೆವು.

ಬಾಗಿಲ ಬಳಿ ಶಾಲಿನಿ ನಿಂತಿದ್ದಳು. ಪಕ್ಕದಲ್ಲಿದ್ದ ಹುಡುಗಿ ಗದ್ದದಿಂದ ನನ್ನತ್ತ ತೋರಿಸಿ, ಆ ಆಂಟಿ ಯಾರು ಎಂದು ಮಲಯಾಳದಲ್ಲಿ ಕೇಳಿದಳು. ನಾನು ನಗುಮುಖ ಸಿದ್ಧಮಾಡಿಕೊಂಡೆ.

"ಅರಿಯಿಲ್ಲ" ಎಂದಳು ಶಾಲಿನಿ. ಗೊತ್ತಿಲ್ಲ.

ಆರು ವರ್ಷ ಇದ್ದೂ ನನಗೆ ಮಲಯಾಳ ಅಷ್ಟಕ್ಕಷ್ಟೆ. ಆದರೆ ಆ ಪದ ಬರುತ್ತದೆ.

ಬಸ್ಸಿನಲ್ಲಿ ಅವಳು ಬೇರೆ ಸೀಟಿನಲ್ಲಿ ಕೂತಳು. ಮನೆಗೆ ಬಂದ ಮೇಲೆ ಮೂರು ಭಾಷೆಯಲ್ಲಿ ಬೈದಳು. "ಬೆಸ್ಟ್ ಪಾರ್ಟೇ ಅದು! ಅದನ್ನ ಬಿಟ್ಟು ಚಾಯಕ್ಕೆ ಹೋಗ್ತೀರಾ? ಎಲ್ಲಾ ಟೇಪಲ್ಲಿ ಇದೆ ಅಮ್ಮ, ಎಲ್ಲಾ!"

"ತನಿಗೆ ಏಳೋದು ನಮ್ಮ ಕಡೆ ಪದ್ಧತಿ ಕಣೇ" ಎಂದರು ಇವರು.

"ಅದನ್ನ ಕುರ್ಚಿಗೆ ಹೇಳಿ ಅಪ್ಪ."

"ಅರಿಯಿಲ್ಲ" ಎಂದದ್ದನ್ನು ನಾನು ಕೇಳಿಸಿಕೊಂಡೆ ಎಂದು ಅವಳಿಗೆ ಹೇಳಲಿಲ್ಲ. ಹೇಳಿದರೆ ಏನು ಉತ್ತರ ಕೊಡಬೇಕು ಅವಳು? ಹದಿನೆಂಟಕ್ಕೆ ನಾನೂ ನನ್ನ ತಾಯಿಯ ಕೊಡೆಯನ್ನು ನಮ್ಮದಲ್ಲ ಎಂದಿದ್ದೆ. (ತೇಪೆ ಹಾಕಿದ ಕೊಡೆ. ಆ ಕಥೆ ಬೇಡ.)

ಒಂದು ಆಸೆ ಉಳಿದಿತ್ತು. ಎರಡು ದಿನದ ನಂತರ ತಿರುವನಂತಪುರದ ಕಾಲೇಜಿನಲ್ಲಿ ಅದೇ ತಂಡ, ಅದೇ ಐಟಂ. ಅಲ್ಲಿಯದು ಚೆನ್ನಾಗಿ ಬಂದರೆ ನಮ್ಮದನ್ನು ಎಸೆದುಬಿಡುತ್ತಾರಲ್ಲ? ಆ ಊರಿನಲ್ಲಿ ನನ್ನ ಮೈದುನ ಶ್ರೀಧರ ಇದ್ದಾನೆ, ತುಂಬಾದ ರಾಕೆಟ್ ಕೇಂದ್ರದಲ್ಲಿ ಕೆಲಸ. ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದೆ.

"ಶ್ರೀಧರ, ನೀನು ಆ ಕಛೇರಿಗೆ ಹೋಗು. ಅಲ್ಲಿಯ ನಮ್ಮ ಕನ್ನಡದವರು ಯಾರೂ ತನಿಗೆ ಏಳದ ಹಾಗೆ ನೋಡ್ಕೋ. ನೀನೂ ಏಳಬೇಡ."

"ಬೆಂಕಿ ಬಿದ್ರೆ ಅತ್ತಿಗೆ?"

"ಮೆಲ್ಲಗೆ ಏಳು. ಕುರ್ಚಿ ಎತ್ತಿ ಇಡು."

"ನಮ್ಮ ಕೌಂಟ್‌ಡೌನಿಗೂ ಇಷ್ಟು ಭಯ ಇಲ್ಲ ಬಿಡಿ" ಎಂದ. ಆದರೆ ಹೋದ. ಕಲ್ಲಿನ ಹಾಗೆ ಕೂತಿದ್ದನಂತೆ, ಕೆಮ್ಮು ಬಂದರೂ ನುಂಗಿದನಂತೆ. ಏನು ಪ್ರಯೋಜನ? ಶುರುವಾದ ಹತ್ತೇ ನಿಮಿಷಕ್ಕೆ ಕರೆಂಟು ಹೋಯಿತು. ಕೊನೆಯವರೆಗೂ ಹಾಲಿನ ಹಿಂದೆ ಜನರೇಟರ್ ಗುಡುಗುಡು. ಆ ಟೇಪು ಕೆಲಸಕ್ಕೆ ಬರಲಿಲ್ಲ.

ಉಳಿದದ್ದು ಕೊಚ್ಚಿಯದು. ನಮ್ಮದು.

ನಾಲ್ಕು ತಿಂಗಳು ಶಾಲಿನಿ ಆ ವಿಷಯ ಎತ್ತಲಿಲ್ಲ. ನಾನು ಒಳಗೊಳಗೇ ಎತ್ತಿಕೊಂಡೆ. ಒಬ್ಬ ಮನುಷ್ಯ ಮೈಮರೆತು ಬಾರಿಸುತ್ತಿರುವಾಗ ಏಳು ಬೆನ್ನು ಕಂಡರೆ ಅವನ ಕೈಗೆ ಏನಾಗುತ್ತದೆ? ನಿಲ್ಲುತ್ತದೆಯೇ? ಸಿಟ್ಟಿನಿಂದ ಜೋರಾಗುತ್ತದೆಯೇ? ಇಷ್ಟು ವರ್ಷ ತನಿಗೆ ಎದ್ದು ಹೋಗಿದ್ದೇನೆ, ಇದನ್ನು ಒಮ್ಮೆಯೂ ಯೋಚಿಸಿರಲಿಲ್ಲ.

ಮೊನ್ನೆ ಅವಳು ಒಂದು ಕ್ಯಾಸೆಟ್ ತಂದು ಟಿವಿಯ ಮೇಲಿಟ್ಟಳು. ನಿನ್ನೆಯೂ ಅದು ಅಲ್ಲೇ ಇತ್ತು. ಇವತ್ತು ನಾನು ಹೆಡ್ ಒರೆಸಿಟ್ಟು, ಸಂಜೆ ಅವಳು ಬಂದ ಮೇಲೆ, "ಹಾಕೇ, ಏನಾಗುತ್ತೋ ಆಗಲಿ" ಎಂದೆ.

ಇವರು ಕನ್ನಡಕ ಏರಿಸಿ ಕವರ್ ಓದಿದರು. "ಬಿ ಸೈಡು, ಎರಡನೇದು. ಬಿ, ಯು, ಎರಡು ಎನ್, ವೈ. ಮೊಲದ ಮರಿ ಅಲ್ವೇನೇ? ಇಲ್ಲೊಂದು ಮೊಲದ ಚಿತ್ರಾನೂ ಇದೆ."

"ಕೇಳಿ" ಎಂದಳು ಶಾಲಿನಿ.

ಸ್ಯಾಕ್ಸೊಫೋನ್ ನಿಂತಿತು, ಪಿಯಾನೊ ನಿಂತಿತು, ಬಾಸ್ ನಿಂತಿತು. ಡ್ರಮ್ಸ್ ಮೆಲ್ಲಗೆ ಶುರುವಾಯಿತು. ಆಗ ಗಂಟೆ ಹೊಡೆದಷ್ಟು ಸ್ಪಷ್ಟವಾಗಿ ಒಂದು ಹೆಂಗಸಿನ ದನಿ, "ಬನ್ನಿ ಬನ್ನಿ!"

ಆಮೇಲೆ ಕುರ್ಚಿಗಳು. ಎಣಿಸಿದೆ, ಏಳೂ ಇವೆ.

ಡ್ರಮ್ಸ್ ನಿಂತೇಹೋಯಿತು. ಒಂದು ಕ್ಷಣ ಬರೀ ಟೇಪಿನ ಸರಸರ. ಆಮೇಲೆ, ಕಿರ್ರ್! ಇದು ಕುರ್ಚಿಯದಲ್ಲ. ಅವರು ಕೋಲಿನ ತುದಿಯನ್ನು ತಾಳದ ತಟ್ಟೆಯ ಮೇಲೆ ಎಳೆದು ಕುರ್ಚಿಯನ್ನು ಅಣಕಿಸುತ್ತಿದ್ದಾರೆ. ಹಾಲೆಲ್ಲ ನಗು. ಹಿಂದೆಯೇ ಟಕ್ಕಿ ಟಕ್ಕಿ, ಟಕ್ಕಿ ಟಕ್ಕಿ. ನನ್ನದೇ ಮಾತು! ಅದನ್ನು ಹಿಡಿದು ತಿರುಗಿಸಿದರು, ಕತ್ತರಿಸಿದರು, ಓಡಿಸಿದರು, ನಿಲ್ಲಿಸಿ ಮತ್ತೆ ಕರೆದರು. ಐದು ನಿಮಿಷ. ಬಾಸ್ ಬಂದು ಅದನ್ನೇ ಹೇಳಿತು, ಪಿಯಾನೊ ಬಂದು ಅದನ್ನೇ. ಆಮೇಲೆ ಆ ಚಪ್ಪಾಳೆ. ಅದರ ತುದಿಯಲ್ಲಿ ಪಳಂಪೊರಿ ತಿಂದು ಬಂದ ನಮ್ಮದೂ ಇದೆ.

ನಮ್ಮನ್ನೇ ನುಡಿಸುತ್ತಿದ್ದರು. ನಾವು ಇರಲಿಲ್ಲ.

ಇವರು ರಿವೈಂಡ್ ಮಾಡಿ ಮತ್ತೆ ಹಾಕಿದರು. ಈ ಸಲ ತಾಳ ತಪ್ಪಲಿಲ್ಲ. ಬನ್ನಿ ಬನ್ನಿ ಎಂಬುದು ಗೊತ್ತಿದ್ದರೆ ತಪ್ಪುವುದು ಹೇಗೆ?

ಆಗ ಶಾಲಿನಿ ಬ್ಯಾಗಿನಿಂದ ಒಂದು ಚೀಟಿ ತೆಗೆದುಕೊಟ್ಟಳು. ಕಾಲೇಜಿಗೆ ಬಂದ ಕ್ಯಾಸೆಟ್ಟುಗಳ ಕಟ್ಟಿನಲ್ಲಿ ಇದೊಂದಕ್ಕೆ ಮಾತ್ರ ಬೇರೆ ಕಾಗದ ಸುತ್ತಿತ್ತಂತೆ. ಡ್ರಮ್ಮಿನವರ ಕೈಬರಹ, ಇಂಗ್ಲಿಷು. 'ಅಂದು ಬನ್ನಿಯನ್ನು ಕೂಗುತ್ತಿದ್ದ ಮಹಿಳೆಗೆ. ಮಗು ಸಿಕ್ಕಿತು ಎಂದು ನಂಬಿದ್ದೇವೆ.'

ನಾನು ಯಾವುದೋ ಕಳೆದುಹೋದ ಮಗುವನ್ನು ಕೂಗುತ್ತಿದ್ದೇನೆ ಎಂದುಕೊಂಡಿದ್ದಾರೆ! ಇವರು ನಕ್ಕೂ ನಕ್ಕೂ ಕನ್ನಡಕ ತೆಗೆದರು.

ನನಗೆ ಬೇರೆ ಪ್ರಶ್ನೆ. "ಇದನ್ನ ನಿನಗೆ ಹೇಗೆ ಕೊಟ್ಟರು?"

"ವಾಲಂಟಿಯರ್ಸ್ ಮೀಟಿಂಗಲ್ಲಿ ಕೇಳಿದ್ರು, ಆ ಆಂಟಿ ಯಾರು ಅಂತ."

"ಎಲ್ಲರೂ ಇದ್ದರಾ?"

"ಇದ್ರು."

"ನೀನು ಏನಂದೆ?"

ಅವಳು ಕ್ಯಾಸೆಟ್ಟಿನ ಡಬ್ಬಿಯನ್ನು ತೆರೆದಳು, ಮುಚ್ಚಿದಳು. "ಎಂಡೆ ಅಮ್ಮಯಾಣು ಅಂದೆ."

ನನ್ನ ಅಮ್ಮ. ಈ ಮಲಯಾಳವೂ ನನಗೆ ಬರುತ್ತದೆ.

"ಬೊಂಬಾಯಿಗೆ ಉತ್ತರ ಬರೀಬೇಕಲ್ಲ, ಏನಂತ ಬರೀಲಿ?" ಎಂದಳು. ಬನ್ನಿ ಎಂದರೆ ಮೊಲವಲ್ಲ, ಮಗುವಿನ ಹೆಸರೂ ಅಲ್ಲ, ಗಂಡನನ್ನು ಮರ್ಯಾದೆಯಿಂದ ಕಾಫಿಗೆ ಕರೆಯುವ ಮಾತು ಎಂದು ಬರಿ ಅಂದರು ಇವರು. ಮಗು ಸಿಕ್ಕಿತು ಎಂತಲೂ ಸೇರಿಸು ಎಂದೆ ನಾನು.

ರಾತ್ರಿ ದೋಸೆ, ಕಾಯಿ ಚಟ್ನಿ, ಬೆಳಗಿನ ಕಡಲೆ ಕರಿ ಸ್ವಲ್ಪ. ದೋಸೆ ಹುಯ್ದವಳು ಶಾಲಿನಿ. ಹುಟ್ಟಿದಾಗಿನಿಂದ ನನ್ನನ್ನು ಬಾ, ಹೋಗು ಎನ್ನುವವಳು ಅಡುಗೆಮನೆಯಿಂದ "ಬನ್ನಿ ಬನ್ನಿ!" ಎಂದು ಕೂಗಿದಳು, ಅದೇ ದನಿಯಲ್ಲಿ.

ಊಟವಾದ ಮೇಲೆ ಮೂರನೇ ಸಲ ಹಾಕಿದೆವು. ಮೊದಲು ನಿದ್ದೆಹೋದವರು ಇವರು, ಕುರ್ಚಿಯಲ್ಲೇ, ತನಿ ಹೊತ್ತಿಗೆ ಸರಿಯಾಗಿ. ಎದ್ದಂತೂ ಹೋಗಲಿಲ್ಲವಲ್ಲ?