ಗಾಜು ಬೆರೆತ ಕರಡಿಗೆ

ಅವ್ವನ ಕೊರಳಲ್ಲಿದ್ದ ಇಷ್ಟಲಿಂಗ ಒಮ್ಮೆ ಹೊಲದಲ್ಲಿ ಬಿದ್ದುಹೋಯಿತು. ಲಿಂಗ ಇಡುವ ಬೆಳ್ಳಿಯ ಕರಡಿಗೆಯ ತಿರುಪು ಸವೆದಿತ್ತು, ಯಾರೂ ಗಮನಿಸಿರಲಿಲ್ಲ. ನಮ್ಮೂರು ಕಿಣ್ಣಿ ಸುಲ್ತಾನದ ತೊಗರಿ ಹೊಲ ಎರೆಮಣ್ಣಿನದು. ಕಪ್ಪು ಮಣ್ಣಿನಲ್ಲಿ ಕಪ್ಪು ಲಿಂಗ ಹುಡುಕುವುದೆಂದರೆ ತಮಾಷೆಯೇ? ಸಂಜೆ ಸಿಗುವವರೆಗೆ ಅವ್ವ ಹನಿ ನೀರು ಮುಟ್ಟಲಿಲ್ಲ. ಅಂದಿನಿಂದ ಕಸ ಕೀಳಲು ಬಗ್ಗುವುದಕ್ಕೇ ಹೆದರತೊಡಗಿದಳು. ಹೊಲ ಬಿಟ್ಟರೆ ಬೇರೆ ಲೋಕವಿಲ್ಲದ ಹೆಂಗಸು, ಮನೆ ಮುಂದಿನ ಕಟ್ಟೆ ಹಿಡಿದು ಕೂತುಬಿಟ್ಟಳು. ಮಗಳಾದ ನನಗೆ ಅದನ್ನು ನೋಡಲಾಗಲಿಲ್ಲ.

ನಾನಾಗ ಕಲಬುರಗಿಯಲ್ಲಿ ರೂಮು ಮಾಡಿಕೊಂಡು ಒಂದು ಸಣ್ಣ ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಮೋಲ್ಡಿಂಗ್ ಮಷೀನು ನಡೆಸುತ್ತಿದ್ದೆ. ಗಾಜಿನ ಸಣ್ಣ ಎಳೆಗಳು ಬೆರೆತ ನೈಲಾನ್ ಕಾಳುಗಳನ್ನು ಕರಗಿಸಿ ಅಚ್ಚಿಗೆ ಒತ್ತಿದರೆ ಕಬ್ಬಿಣಕ್ಕೆ ಸಡ್ಡು ಹೊಡೆಯುವ ಸಾಮಾನು ಬರುತ್ತದೆ. ಬೋರ್‌ವೆಲ್ ಪಂಪಿನ ವೈರು ಜೋಡಣೆಗೆಂದು ತಿರುಪು ಮುಚ್ಚಳದ ಗುಂಡನೆಯ ಕರಿ ಡಬ್ಬಿ ಮಾಡುತ್ತಿದ್ದೆವು. ಮಾಲೀಕರನ್ನು ಕೇಳಿ ಒಂದನ್ನು ಊರಿಗೆ ಒಯ್ದೆ. ಅವ್ವನ ಎದುರಿಗೇ ನೆಲಕ್ಕೆ ಹಾಸಿದ ಫರಸಿ ಕಲ್ಲಿನ ಮೇಲೆ ಎತ್ತಿ ಒಗೆದು ತೋರಿಸಿದೆ.

"ಒಳಗ ಗಾಜು ಐತಂತೀ, ಒಡೆಯಂಗಿಲ್ಲೇನ್ ಬೇ?" ಎಂದಳು.

"ಗಾಜಿನ ಎಳಿ ಕೂಡ್ಯಾವಂತನ ಗಟ್ಟಿ ಐತಿ, ಅವ್ವಾ."

ಡಬ್ಬಿಯ ಪಕ್ಕದ ಕಿವಿಗಳಿಗೆ ಶಿವದಾರ ಪೋಣಿಸಿಕೊಟ್ಟೆ. ಅವ್ವ ಲಿಂಗವನ್ನು ಅದರೊಳಗಿಟ್ಟು ಕೊರಳಿಗೆ ಹಾಕಿಕೊಂಡಳು. ಮರುದಿನವೇ ಹೊಲಕ್ಕೆ ಹೋದಳು.

ಕೆಲವು ತಿಂಗಳ ಮೇಲೆ ಊರಿಗೆ ಹೋದಾಗ ನೋಡಿದರೆ ಅವಳ ಎದೆಯ ಮೇಲೆಲ್ಲ ಕೆಂಪಗೆ ದದ್ದು ಎದ್ದಿತ್ತು. ಸೆರಗಿನಲ್ಲಿ ಮುಚ್ಚಿಕೊಂಡು ಓಡಾಡುತ್ತಿದ್ದಳು. ಪೂಜೆಗೆಂದು ಲಿಂಗವನ್ನು ಅಂಗೈಯಲ್ಲಿ ಹಿಡಿದಿದ್ದಾಗ ಖಾಲಿ ಕರಡಿಗೆಯನ್ನು ಮುಟ್ಟಿ ನೋಡಿದೆ. ನುಣ್ಣಗಿದ್ದದ್ದು ಒರಟಾಗಿ ಬೂದುಬಣ್ಣಕ್ಕೆ ತಿರುಗಿತ್ತು. ಬೆರಳು ಚುರುಗುಟ್ಟಿತು. ಬೆಳ್ಳಿಯದನ್ನು ತೊಳೆದ ರೂಢಿಯಲ್ಲೇ ಇದನ್ನೂ ದಿನಾ ಬೂದಿ, ತೆಂಗಿನ ನಾರು ಹಾಕಿ ತಿಕ್ಕಿದ್ದಳು. ಮೇಲಿನ ತೆಳು ಪದರ ಸವೆದು ಗಾಜಿನ ಎಳೆಗಳು ಹೊರಬಿದ್ದಿದ್ದವು. ನನಗೆ ಪಿತ್ತ ನೆತ್ತಿಗೇರಿತು. ಪೂಜೆ ಮುಗಿಯುವುದನ್ನೇ ಕಾದಿದ್ದೆ.

"ಇಷ್ಟು ತುರಿಸಾಕತ್ತಿದ್ರ ಒಂದು ಫೋನ್ ಮಾಡಾಕ ಏನಾಗಿತ್ತು ನಿನಗ? ತೆಗಿ ಅದನ್ನ. ಹೊಸಾದು ತರೂತನಕ ಬೆಳ್ಳೀದ ಹಾಕ್ಕೋ."

ಅವ್ವ ಕರಡಿಗೆಯನ್ನು ಎರಡೂ ಕೈಯಲ್ಲಿ ಅವುಚಿಕೊಂಡಳು. "ತುರಿಸಿದ್ರ ತುರಿಸಲಿ. ಮತ್ತ ಬಿದ್ರ ನಾ ಉಳಿಯಂಗಿಲ್ಲ."

ಅವಳ ಹಟ ನನಗೆ ಹೊಸದಲ್ಲ. ಹಳೆ ಸೀರೆಯ ತುಂಡಿನಲ್ಲಿ ಒಂದು ಚೀಲ ಹೊಲಿದು ಕರಡಿಗೆಗೆ ತೊಡಿಸಿದೆ. ದದ್ದಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತ ಕೇಳಿದೆ. ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಅದು ಪ್ಲಾಸ್ಟಿಕ್ಕು. ಎಷ್ಟು ತಿಕ್ಕಿದ್ರ ಏನ್ ಹೊಳೀತೈತಿ? ಯಾಕ ತಿಕ್ಕಿದಿ?"

ಅವ್ವ ಚೀಲದ ಮೇಲೆ ಕೈಯಾಡಿಸಿದಳು.

"ಜಿಡಗಾ ಮಠಕ್ಕ ಹೋದಾಗ ಹೆಣ್ಮಕ್ಕಳು ಈ ಡಬ್ಬಿ ನೋಡಿ ನಕ್ರು. ನನ್ನ ಮಗಳು ಕೈಯಾರೆ ಮಾಡ್ಯಾಳ ಅಂದೆ. ಬೆಳ್ಳೀಗಿಂತ ಚೆಂದ ಹೊಳೀಲಿ, ನಿನಗ ಯಾರೂ ನಗಬಾರದು ಅಂತ ತಿಕ್ಕಿದೆ ಬೇ."