ತಿರುಗಿಸಿದ ನಕ್ಷೆ

ಸವಣೂರಿನ ಬಂದೇಸಾಬರು ಮನೆಗಳ ನಕ್ಷೆ ಬರೆಯಲು ಕೂತು ನಲವತ್ತೊಂದು ವರ್ಷವಾಯಿತು. ಮೊದಲಿಗೆ ಟ್ರೇಸಿಂಗ್ ಕಾಗದ, ಮಸಿ ಪೆನ್ನು. ಗೆರೆ ತಪ್ಪಿದರೆ ಬ್ಲೇಡಿನಿಂದ ಹೆರೆದು ಹೆರೆದು ಕಾಗದವೇ ತೂತಾಗುತ್ತಿತ್ತು. ಆಮೇಲೆ ಕಂಪ್ಯೂಟರ್ ಬಂತು. ಐವತ್ತು ದಾಟಿದ ಮೇಲೆ ಮಗಳು ನುಜಹತಳ ಪಕ್ಕ ಕೂತು ಮೌಸು ಹಿಡಿಯುವುದನ್ನು ಕಲಿತರು. ಈಗಂತೂ ಗಿರಾಕಿಗಳು ಮೊಬೈಲಿನಲ್ಲಿ ಬಣ್ಣದ ಮನೆ ತೋರಿಸಿ, "ಇದರ ಹಂಗ ಸಂಜೀಕ ಕೊಡ್ರಿ" ಎನ್ನುತ್ತಾರೆ. ನಾಲ್ಕು ದಿನದ ಕೆಲಸ ನಾಲ್ಕು ತಾಸಿಗೆ ಇಳಿದಿದೆ, ನಿಜ. ಉಳಿದ ದಿನಗಳು ಎಲ್ಲಿ ಹೋದವೋ ಬಂದೇಸಾಬರಿಗೆ ಇನ್ನೂ ಸಿಕ್ಕಿಲ್ಲ. ಕಣ್ಣುರಿ, ಕುತ್ತಿಗೆ ನೋವು ಮಾತ್ರ ಸಿಕ್ಕಿವೆ.

ದಾವಲಬಿಯ ಮನೆ ಕೆಟ್ಟದ್ದು ಹೀಗೇ. ಉತ್ತರಕ್ಕೆ ಬಾಗಿಲಿದ್ದ ಹಳೆಯ ನಕ್ಷೆಯೊಂದು ಅವಳ ಚೌಕ ಜಾಗದ ಅಳತೆಗೆ ಸರಿಹೊಂದುತ್ತಿತ್ತು. ಅವಳಿಗೆ ಬೇಕಾಗಿದ್ದದ್ದು ಪೂರ್ವದ ಬಾಗಿಲು. ಬಂದೇಸಾಬರು ಒಂದು ಕೀಲಿ ಒತ್ತಿ ಇಡೀ ಮನೆಯನ್ನೇ ತಿರುಗಿಸಿದರು. ಅಂದು ಅದು ಐದನೆಯ ನಕ್ಷೆ. ದಣಿದಿದ್ದರು, ಪ್ರಿಂಟ್ ತೆಗೆದು ಕೊಟ್ಟು ಎದ್ದರು.

ಮನೆ ಎದ್ದು, ಒಕ್ಕಲಾಗಿ ಮೂರು ತಿಂಗಳಾದ ಮೇಲೆ ನುಜಹತ ಸುದ್ದಿ ತಂದಳು. ಮಂಡಿನೋವಿನ ಮುದುಕಿ ದಾವಲಬಿ ತನ್ನ ಹೊಸ ಮನೆಯ ಪಾಯಖಾನೆ ಬಿಟ್ಟು, ಕೋಲೂರಿಕೊಂಡು ಪಕ್ಕದ ಮನೆಗೆ ಹೋಗುತ್ತಾಳಂತೆ. ಬಂದೇಸಾಬರಿಗೆ ಕೂಡಲೇ ಹೊಳೆಯಿತು. ಮನೆಯ ಜೊತೆ ಕಮೋಡೂ ತಿರುಗಿ ಪಶ್ಚಿಮಕ್ಕೆ, ಕಿಬ್ಲಾದ ಕಡೆಗೆ ಮುಖ ಮಾಡಿತ್ತು. ನಮಾಜಿಗೆ ನಿಲ್ಲುವ ದಿಕ್ಕಿಗೆ ಯಾರು ಹಾಗೆ ಕೂಡುತ್ತಾರೆ? ಕೈಯಿಂದ ಬರೆಯುವ ಕಾಲದಲ್ಲಿ ಅವರು ಕಾಗದದ ಮೂಲೆಯಲ್ಲಿ ಮೊದಲು ಕಿಬ್ಲಾದ ಬಾಣ ಎಳೆದೇ ಗೋಡೆಗಳಿಗೆ ಕೈಹಾಕುತ್ತಿದ್ದರು. ಬಂದೇಸಾಬರ ನಕ್ಷೆ ಎಂಬ ನಂಬಿಕೆಯಲ್ಲಿ ಕಟ್ಟುವಾಗ ಯಾರೂ ದಿಕ್ಕು ನೋಡಿರಲಿಲ್ಲ. ನಾಚಿಕೆಯಿಂದ ಅವರಿಗೆ ಅಂದು ಊಟ ಸೇರಲಿಲ್ಲ.

ಮರುದಿನ, ಕಮೋಡು ಕಿತ್ತು ತಿರುಗಿಸಿ ಕೂರಿಸಲು ಗೌಂಡಿಯನ್ನು ಕರೆದುಕೊಂಡು ದಾವಲಬಿಯ ಮನೆಗೆ ಹೋದರು.

"ಅಕ್ಕಾರ, ನನಗೊಂದ್ ಮಾತ್ ಹೇಳಬಾರದಾಗಿತ್ತೇನ್ರಿ?"

"ನಿನ್ನ ಹೆಸರು ಕೆಡತೈತಿ ಅಂತ ಸುಮ್ಮನಿದ್ದೆ, ತಮ್ಮಾ," ಎಂದಳು ದಾವಲಬಿ. "ನಿಂದೇನ್ ತಪ್ಪೈತಿ? ಕಂಪ್ಯೂಟರಿಗೆ ಕಿಬ್ಲಾ ಎಲ್ಲಿ ಗೊತ್ತಿರತೈತಿ?"

ಆ ಮಾತು ಹಿಡಿದುಕೊಂಡು ಪಾರಾಗಬಹುದಿತ್ತು. ಬಂದೇಸಾಬರು ಕಷ್ಟಪಟ್ಟು ಬಗ್ಗಿ, ಒಡೆಯಬೇಕಾದ ಟೈಲ್ಸಿನ ಮೇಲೆ ಸೀಮೆಸುಣ್ಣದಿಂದ ಕಿಬ್ಲಾದ ಬಾಣ ಎಳೆದರು.

"ಅದಕ್ಕ ಗೊತ್ತಿರಲಿಲ್ಲರಿ, ಅಕ್ಕಾರ. ನನಗ ಗೊತ್ತಿತ್ತಲ್ಲ."