ಪೇಶಿಗಳ ಜೊತೆ ಮಾತಾಡುತ್ತಿದ್ದ ವೈನಿ

ಬೆಳಿಗ್ಗೆ ಲ್ಯಾಬಿನ ಕಾವುಪೆಟ್ಟಿಗೆ ತೆರೆದ ಕೂಡಲೇ ಪದ್ಮಜಾ ವೈನಿ, "ಆರಾಮ ಅದೀರೇನ್ರಿ ಎಲ್ಲಾರೂ?" ಎಂದು ಕೇಳುತ್ತಿದ್ದರು. ಒಳಗೆ ಮನುಷ್ಯರಿರಲಿಲ್ಲ. ಗಾಜಿನ ತಟ್ಟೆಗಳಲ್ಲಿ ಕಿಡ್ನಿಯ ಜೀವಕೋಶಗಳಿದ್ದವು. ಮರಾಠಿಯವರಂತೆ ನಾವೂ ಅವಕ್ಕೆ ಪೇಶಿ ಅನ್ನುತ್ತೇವೆ.

ವೈನಿ ನನ್ನ ಅಣ್ಣನ ಹೆಂಡತಿ. ಇಚಲಕರಂಜಿಯ ನಮ್ಮ ಮನೆಯಿಂದ ದಿನಾ ಎಸ್‌ಟಿ ಬಸ್ಸು ಹಿಡಿದು ಕೊಲ್ಹಾಪುರಕ್ಕೆ ಹೋಗಿ ಸಂಶೋಧನೆ ಮಾಡುತ್ತಿದ್ದರು. ಇಲಿ ಕೊಯ್ಯುವ ಕೆಲಸ ತನ್ನಿಂದಾಗದೆಂದು ಸೇರುವಾಗಲೇ ಹೇಳಿಬಿಟ್ಟಿದ್ದರಂತೆ. ನಾಂದಣಿಯ ಜೈನರ ಮನೆಯ ಮಗಳು.

ಒಮ್ಮೆ ನನಗೆ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಒಂದು ಪೇಶಿ ಮುದುಡಿಕೊಂಡು, ತಟ್ಟೆಯ ತಳ ಬಿಟ್ಟು ತೇಲುತ್ತಿತ್ತು.

"ಅದನ್ನ ಯಾರು ಕೊಂದ್ರು ವೈನಿ?"

"ಯಾರೂ ಕೊಲ್ಲಲಿಲ್ಲವ್ವಾ. ಒಳಗಿಂದನ ಹುಕುಂ ಬರತೈತಿ, ತಾನ ಸಾಯತೈತಿ. ಹಳೇವು ಹಿಂಗ ಹೋಗೂದು ಛಲೋನ. ಆದ್ರ ಜಡ್ಡು ಬಂದಾಗ ಉಳೀಬೇಕಾದವಕ್ಕೂ ಆ ಹುಕುಂ ಬರತೈತಿ. ಅದನ್ನ ತಡೀಬೇಕಂತ ನಮ್ಮ ಗುದ್ದಾಟ."

ಅಣ್ಣನದು ನೂಲಿನ ವ್ಯಾಪಾರ. ಬೆನ್ನುನೋವಿಗೆಂದು ವರ್ಷಗಟ್ಟಲೆ ಗುಳಿಗೆ ನುಂಗಿದ್ದ, ಹೆಂಡತಿಗೂ ಹೇಳದೆ. ಕಾಲು ಬಾತು, ವಾಂತಿ ಶುರುವಾದಾಗ ದವಾಖಾನೆಗೆ ಕರೆದೊಯ್ದೆವು. ಅಷ್ಟರಲ್ಲಿ ಎರಡೂ ಕಿಡ್ನಿ ಕೆಟ್ಟಿದ್ದವು. ನನ್ನದಾಗಲೀ ವೈನಿಯದಾಗಲೀ ಅವನಿಗೆ ಹೊಂದಲಿಲ್ಲ. ಡಯಾಲಿಸಿಸ್ ಹಚ್ಚಿದರು.

ಅಡಿಗೆಮನೆಯಲ್ಲಿ ಅವ್ವ ಕೇಳಿದಳು, "ಪದ್ಮಾ, ಲ್ಯಾಬಿನ್ಯಾಗ ಪೇಶಿ ಉಳಸ್ತೀನಿ ಅಂತಿದ್ದೆಲ್ಲ, ಆ ಔಷಧ ಇವಗೂ ಕೊಡಬಾರದೇನು?"

"ತಟ್ಟಿಯೊಳಗ ತಡೀತೀನ್ರಿ ಅತ್ತಿ. ಮೈಯಾಗ ತಡಿಯಾಕ ಇನ್ನೂ ಬರೂದಿಲ್ಲ. ಸಾಯೂದನ್ನ ಪೂರಾ ನಿಲ್ಲಿಸಿದ್ರ ಕೆಟ್ಟ ಪೇಶಿನೂ ಉಳೀತಾವ. ಕ್ಯಾನ್ಸರ್ ಆಗಬಹುದು."

"ಮತ್ತ ಇಷ್ಟ ವರ್ಷ ಏನ ಕಲತಿ?"

ಅವ್ವ ಸಿಟ್ಟಿನಿಂದ ಕೇಳಿರಲಿಲ್ಲ. ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು. ವೈನಿ ಲಟ್ಟಣಿಗೆ ಕೆಳಗಿಟ್ಟರು.

"ಹೆಂಗ ಸಾಯತಾವಂತ ಕಲತೀನ್ರಿ."

ಆಮೇಲೆ ಒಂದು ದಿನ ದವಾಖಾನೆಯಲ್ಲಿ, ಕೈಗೆ ನಳಿಗೆ ಚುಚ್ಚಿಸಿಕೊಂಡು ಮಲಗಿದ್ದ ಅಣ್ಣನೇ ಕೇಳಿದ, "ಖರೆ ಹೇಳು ಪದ್ಮಾ, ನನ್ನ ಪೇಶಿ ಇನ್ನ ಎಷ್ಟು ಉಳದಾವ?"

"ಭಾಳ ಅದಾವ್ರಿ," ಅಂದರು. ಅಣ್ಣ ನಂಬಿದನೋ ಇಲ್ಲವೋ, ಅವರ ಬೆರಳು ಹಿಡಿದು ಕಣ್ಣು ಮುಚ್ಚಿಕೊಂಡ. ಆ ಮಳೆಗಾಲದಲ್ಲಿ ನಂಜೇರಿ ತೀರಿಕೊಂಡ.

ವೈನಿ ಲ್ಯಾಬು ಬಿಟ್ಟು ಗಡಹಿಂಗ್ಲಜದ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸಲು ಸೇರಿದರು. ಫೋನ್ ಮಾಡಿದರೆ ಅವ್ವನ ಯೋಗಕ್ಷೇಮ ಕೇಳಿ ಇಟ್ಟುಬಿಡುತ್ತಾರೆ. ನಾವು ಕೊನೆಯ ಸಲ ಭೇಟಿಯಾದದ್ದು ಅಲ್ಲಿಯ ಬಸ್‌ಸ್ಟ್ಯಾಂಡಿನಲ್ಲಿ, ನನ್ನನ್ನು ಕಳಿಸಲು ಬಂದಿದ್ದರು. ತುಂಬಾ ಸೊರಗಿದ್ದರು.

"ಪೇಶಿ ಸಾಯೂ ಪಾಠಾನೂ ನೀವ ಹೇಳ್ತೀರೇನು?" ಎಂದೆ.

"ಹೇಳತೀನಿ. ಪಾಠ ಮುಗಿದ ಮ್ಯಾಲೆ ಯಾರರೆ ಒಬ್ರು ಕೇಳೇ ಕೇಳತಾರ, ಇದನ್ನ ತಡಿಯಾಕ ಬರತೈತೇನ್ರಿ ಮ್ಯಾಡಮ್ ಅಂತ."

"ಆಗ ಏನಂತೀರಿ?"

"ತಟ್ಟಿಯೊಳಗ ಬರತೈತಿ ಅಂತೀನವ್ವಾ. ಘಂಟಿ ಆಗೂತನಾ ಬೋರ್ಡ್ ಒರಸತೀನಿ."